ಥೈರಾಯ್ಡ್ ಕ್ಯಾನ್ಸರ್ ಪತ್ತೆಗೆ ಇಮ್ಯೂನ್ ಗುರುತುಗಳು: ಹೋಲಿಕೆ ಯಾವುದರ ಜೊತೆ?

ಥೈರಾಯ್ಡ್ ಕ್ಯಾನ್ಸರ್ ಪತ್ತೆಗೆ ಹೊಸ ಬಯೋಮಾರ್ಕರ್ (ರೋಗದ ಸುಳಿವು ಕೊಡುವ ಗುರುತು) ಸಿಕ್ಕಿದೆ ಅನ್ನುವ ಸುದ್ದಿ ನಿಮ್ಮ ಕಣ್ಣಿಗೂ ಬಿದ್ದಿರುತ್ತದೆ. ಈಚೆಗೆ ಇಂಥ ಸುದ್ದಿಗಳಲ್ಲಿ ಜಾಸ್ತಿ ಕಾಣುವುದು ರೋಗನಿರೋಧಕ ವ್ಯವಸ್ಥೆಗೆ ಸೇರಿದ ಗುರುತುಗಳು. ಒಂದಷ್ಟು ಇಮ್ಯೂನ್ ಜೀನ್‌ಗಳು, ಗಂಟಿನೊಳಗೆ ಸೇರಿಕೊಂಡ ಬಿಳಿ ರಕ್ತಕಣಗಳ ಎಣಿಕೆ, ಅದರ ಮೇಲೊಂದು ಅಲ್ಗಾರಿದಂ, ಕೊನೆಗೆ ಶೇ 95ರ ನಿಖರತೆ. ಓದಿ ಮುಗಿಸುವ ಹೊತ್ತಿಗೆ ಇನ್ನು ಸೂಜಿ ಚುಚ್ಚುವುದೂ ಬೇಡ, ಆಪರೇಷನ್ನೂ ಬೇಡ ಅನ್ನಿಸಿಬಿಡುತ್ತದೆ. ಆದರೆ ಒಂದು ಗಂಟು ಕ್ಯಾನ್ಸರೋ ಅಲ್ಲವೋ ಅಂತ ತೀರ್ಮಾನಿಸುವಾಗ ಡಾಕ್ಟರು ಇವತ್ತಿಗೂ ಈ ಗುರುತುಗಳನ್ನು ನೆಚ್ಚಿಕೊಳ್ಳುವುದಿಲ್ಲ. ಯಾಕೆ ಅಂದರೆ, ನನ್ನ ಪ್ರಕಾರ, ಈ ಅಧ್ಯಯನಗಳಲ್ಲಿ ಹೆಚ್ಚಿನವು ಉತ್ತರ ಕೊಡುತ್ತಿರುವ ಪ್ರಶ್ನೆಯೇ ಬೇರೆ, ರೋಗಿ ಕೇಳುತ್ತಿರುವ ಪ್ರಶ್ನೆಯೇ ಬೇರೆ.

ರೋಗಿಯ ಪ್ರಶ್ನೆ ಹುಟ್ಟುವುದು ಗಂಟಿನಿಂದ. ಥೈರಾಯ್ಡ್ ಗಂಟು ಎಷ್ಟು ಸಾಮಾನ್ಯ ಅಂದರೆ, ಸುಮ್ನೆ ಜನರನ್ನು ಕೂರಿಸಿ ಕುತ್ತಿಗೆಗೆ ಅಲ್ಟ್ರಾಸೌಂಡ್ ಮಾಡಿದ ಸಮೀಕ್ಷೆಗಳಲ್ಲಿ ಶೇ 19ರಿಂದ 68ರವರೆಗೂ ಗಂಟು ಕಂಡಿದೆ. ವಯಸ್ಸಾದಷ್ಟೂ ಜಾಸ್ತಿ, ಹೆಂಗಸರಲ್ಲಿ ಇನ್ನೂ ಜಾಸ್ತಿ. ಪರೀಕ್ಷೆಗೆ ಬರುವ ಗಂಟುಗಳಲ್ಲಿ ಕ್ಯಾನ್ಸರ್ ಆಗಿರುವುದು ಸುಮಾರು ಶೇ 7ರಿಂದ 15. ಅಂದರೆ ಹುಡುಕುತ್ತಾ ಹೋದರೆ ಗಂಟು ಸಿಗುವುದು ಖಚಿತ, ಅದು ಕ್ಯಾನ್ಸರ್ ಆಗಿರದೇ ಇರುವ ಸಾಧ್ಯತೆಯೇ ಹೆಚ್ಚು.

ಇನ್ನೊಂದು ತೊಡಕಿದೆ. ಕ್ಯಾನ್ಸರ್ ಆಗಿದ್ದರೂ ಅದು ತೊಂದರೆ ಕೊಡುವ ಕ್ಯಾನ್ಸರ್ ಆಗಿರಬೇಕಿಲ್ಲ. ಫಿನ್‌ಲೆಂಡ್‌ನಲ್ಲಿ ಬೇರೆ ಬೇರೆ ಕಾರಣಕ್ಕೆ ತೀರಿಕೊಂಡ 101 ಜನರ ಥೈರಾಯ್ಡ್ ಗ್ರಂಥಿಯನ್ನು ತೆಳ್ಳಗೆ ಹೆಚ್ಚಿ ನೋಡಿದ ಅಧ್ಯಯನವೊಂದು 1985ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ 35.6ರಷ್ಟು ಜನರಿಗೆ ಪುಟ್ಟ ಪ್ಯಾಪಿಲರಿ ಕ್ಯಾನ್ಸರ್ (ಥೈರಾಯ್ಡ್ ಕ್ಯಾನ್ಸರ್‌ನ ಅತಿ ಸಾಮಾನ್ಯ ಬಗೆ) ಇತ್ತು. ದಕ್ಷಿಣ ಕೊರಿಯಾದಲ್ಲಿ 1999ರಿಂದ ಬೇರೆ ಕ್ಯಾನ್ಸರ್‌ಗಳ ತಪಾಸಣೆ ಶುರುವಾದಾಗ ಅದರ ಜೊತೆಗೆ ಕುತ್ತಿಗೆಯ ಅಲ್ಟ್ರಾಸೌಂಡೂ ಅಗ್ಗದಲ್ಲಿ ಸೇರಿಕೊಂಡಿತು. 1993ಕ್ಕೆ ಹೋಲಿಸಿದರೆ 2011ರ ಹೊತ್ತಿಗೆ ಅಲ್ಲಿ ಥೈರಾಯ್ಡ್ ಕ್ಯಾನ್ಸರ್ ಪತ್ತೆ 15 ಪಟ್ಟು ಏರಿತ್ತು. ಸಾವಿನ ಸಂಖ್ಯೆ ಮಾತ್ರ ಇದ್ದಲ್ಲೇ ಇತ್ತು. ಸಾವಿರಾರು ಜನ ಗ್ರಂಥಿ ತೆಗೆಸಿಕೊಂಡು ಜೀವನಪೂರ್ತಿ ಹಾರ್ಮೋನ್ ಮಾತ್ರೆ ನುಂಗುವಂತಾಯಿತು. 2014ರಲ್ಲಿ ಅಲ್ಲಿನ ವೈದ್ಯರೇ ಎದ್ದುನಿಂತು ಇದನ್ನು ಪ್ರಶ್ನಿಸಿದ ಮೇಲೆ ಒಂದೇ ವರ್ಷದಲ್ಲಿ ಆಪರೇಷನ್‌ಗಳು ಶೇ 35ರಷ್ಟು ಇಳಿದವು. ಲಕ್ಷಣ ಇಲ್ಲದವರಿಗೆ ಥೈರಾಯ್ಡ್ ಕ್ಯಾನ್ಸರ್ ತಪಾಸಣೆ ಬೇಡ ಅಂತ ಅಮೆರಿಕದ ತಜ್ಞರ ಸಮಿತಿ 2017ರಲ್ಲಿ ಹೇಳಿದ್ದು ಇದೇ ಅನುಭವದ ಹಿನ್ನೆಲೆಯಲ್ಲಿ. ಹಾಗಾಗಿ ಎಲ್ಲರಿಗೂ ಒಂದು ರಕ್ತಪರೀಕ್ಷೆ ಮಾಡಿ ಥೈರಾಯ್ಡ್ ಕ್ಯಾನ್ಸರ್ ಹಿಡಿಯೋಣ ಅನ್ನುವ ಆಸೆಯನ್ನು ಮೊದಲೇ ಪಕ್ಕಕ್ಕಿಡಬೇಕು. ಅಂಥ ಪರೀಕ್ಷೆ ನಿಜಕ್ಕೂ ಸಿಕ್ಕಿದರೆ ಕೊರಿಯಾದ ಕಥೆ ಇನ್ನೂ ದೊಡ್ಡದಾಗಿ ನಡೆಯುತ್ತದೆ, ಅಷ್ಟೇ.

ಹಾಗಾದರೆ ಹೊಸ ಗುರುತು ಬೇಕಿರುವುದು ಎಲ್ಲಿ? ಸೂಜಿ ಪರೀಕ್ಷೆ ಕೈಚೆಲ್ಲಿದ ಜಾಗದಲ್ಲಿ. ಅಲ್ಟ್ರಾಸೌಂಡ್‌ನಲ್ಲಿ ಅನುಮಾನ ಬಂದ ಗಂಟಿಗೆ ಸಣ್ಣ ಸೂಜಿ ಹಾಕಿ ಜೀವಕೋಶಗಳನ್ನು ತೆಗೆದು ಮೈಕ್ರೋಸ್ಕೋಪ್‌ನಲ್ಲಿ ನೋಡುತ್ತಾರೆ. ಫಲಿತಾಂಶವನ್ನು ಬೆಥೆಸ್ಡಾ ಪದ್ಧತಿಯಲ್ಲಿ ಆರು ವರ್ಗಗಳಾಗಿ ಬರೆಯುತ್ತಾರೆ. 2023ರ ಆವೃತ್ತಿಯ ಲೆಕ್ಕದಲ್ಲಿ ಎರಡನೇ ವರ್ಗ ಬಂದರೆ ಕ್ಯಾನ್ಸರ್ ಸಾಧ್ಯತೆ ಸರಾಸರಿ ಶೇ 4, ಆರನೇ ವರ್ಗ ಬಂದರೆ ಶೇ 97. ಈ ಎರಡು ಕಡೆಯೂ ಡಾಕ್ಟರಿಗೆ ತಲೆಬಿಸಿ ಇಲ್ಲ. ತಲೆಬಿಸಿ ಇರುವುದು ಮೂರು ಮತ್ತು ನಾಲ್ಕನೇ ವರ್ಗದಲ್ಲಿ, ಅಲ್ಲಿ ಸಾಧ್ಯತೆ ಸರಾಸರಿ ಶೇ 22 ಮತ್ತು ಶೇ 30. ಬಿಡುವ ಹಾಗೂ ಇಲ್ಲ, ಕತ್ತರಿಸುವ ಹಾಗೂ ಇಲ್ಲ. ಥೈರಾಯ್ಡ್ ಕ್ಯಾನ್ಸರ್‌ನ ಇನ್ನೊಂದು ಬಗೆಯಾದ ಫಾಲಿಕ್ಯುಲರ್ ಕ್ಯಾನ್ಸರ್ ಇಲ್ಲಿನ ದೊಡ್ಡ ತಲೆನೋವು. ಅದು ಕ್ಯಾನ್ಸರ್ ಹೌದೋ ಅಲ್ಲವೋ ಅನ್ನುವುದು ಜೀವಕೋಶದ ರೂಪದಿಂದ ಗೊತ್ತಾಗುವುದಿಲ್ಲ. ಗಂಟಿನ ಹೊರಕವಚವನ್ನೋ ರಕ್ತನಾಳವನ್ನೋ ಭೇದಿಸಿದೆಯಾ ಅಂತ ನೋಡಬೇಕು, ಅದಕ್ಕೆ ಇಡೀ ಗಂಟು ಕೈಗೆ ಬರಬೇಕು. ಅಂದರೆ ಎಷ್ಟೋ ಜನ ಆಪರೇಷನ್ ಮಾಡಿಸಿಕೊಳ್ಳುವುದೇ ಆಪರೇಷನ್ ಬೇಕಿತ್ತಾ ಅಂತ ತಿಳಿಯಲು. ಇವರಿಗೆ ನೆರವಾಗುವ ಗುರುತು ಬೇಕು. ಇದನ್ನು ನೆನಪಲ್ಲಿಟ್ಟುಕೊಂಡು ಮುಂದೆ ಓದಿ.

ಇನ್ನು ಇಮ್ಯೂನ್ ಗುರುತುಗಳು. ಗಡ್ಡೆ ಅಂದರೆ ಬರೀ ಕ್ಯಾನ್ಸರ್ ಕೋಶಗಳ ಗುಂಪಲ್ಲ. ಅದರೊಳಗೆ ದೇಹದ ಕಾವಲು ಪಡೆಯೂ ಇರುತ್ತದೆ. ಕೋಶಗಳನ್ನು ಕೊಲ್ಲಬಲ್ಲ ಸಿಡಿ8 ಟಿ ಕೋಶಗಳು, ಅವುಗಳ ಕೈ ಹಿಡಿದು ನಿಲ್ಲಿಸುವ ನಿಯಂತ್ರಕ ಟಿ ಕೋಶಗಳು, ಮ್ಯಾಕ್ರೋಫೇಜ್‌ಗಳು, ಅವು ಹೊರಬಿಡುವ ಇಂಟರ್‌ಲ್ಯೂಕಿನ್‌ನಂಥ ಸಂದೇಶ ರಾಸಾಯನಿಕಗಳು. ಕ್ಯಾನ್ಸರ್ ಕೋಶ ಕೆಲವೊಮ್ಮೆ ತನ್ನ ಮೈಮೇಲೆ ಪಿಡಿ-ಎಲ್1 ಅನ್ನುವ ಪ್ರೋಟೀನ್ ಹೊತ್ತುಕೊಂಡು ಟಿ ಕೋಶದ ಪಿಡಿ-1 ಗುಂಡಿಯನ್ನು ಒತ್ತಿ ಅದನ್ನು ಸುಮ್ಮನಾಗಿಸುತ್ತದೆ. ಈ ಪಿಡಿ-1 ಅನ್ನು 1992ರಲ್ಲಿ ಗುರುತಿಸಿದ ತಸುಕು ಹೊಂಜೊ ಅವರಿಗೆ 2018ರಲ್ಲಿ ಜೇಮ್ಸ್ ಆಲಿಸನ್ ಜೊತೆ ನೊಬೆಲ್ ಬಂತು. ಇವೆಲ್ಲ ಗಡ್ಡೆಯೊಳಗಿನ ಗುರುತುಗಳು. ರಕ್ತದಲ್ಲಿ ಸಿಗುವವು ಬೇರೆ: ಥೈರಾಯ್ಡ್ ವಿರುದ್ಧದ ಆಂಟಿಬಾಡಿಗಳು, ನ್ಯೂಟ್ರೋಫಿಲ್ ಮತ್ತು ಲಿಂಫೋಸೈಟ್ ಅನ್ನುವ ಎರಡು ಬಗೆಯ ಬಿಳಿ ರಕ್ತಕಣಗಳ ಅನುಪಾತ, ಹೀಗೆ.

ಈ ಅನುಪಾತದ ವಿಷಯ ಬೇಗ ಮುಗಿಸಿಬಿಡುತ್ತೇನೆ. ಮಾಮೂಲಿ ರಕ್ತಪರೀಕ್ಷೆಯಲ್ಲೇ ಸಿಗುವ ಸಂಖ್ಯೆ ಅದು, ಅದಕ್ಕೇ ಸಂಶೋಧಕರಿಗೆ ಅದರ ಮೇಲೆ ಪ್ರೀತಿ. ಆದರೆ ಸೋಂಕು ಬಂದರೂ ಅದು ಏರುತ್ತದೆ, ಸ್ಟೀರಾಯ್ಡ್ ತಗೊಂಡರೂ ಏರುತ್ತದೆ, ಸಿಗರೇಟು ಸೇದಿದರೂ ಬದಲಾಗುತ್ತದೆ. ಒಂದು ಸೆಂಟಿಮೀಟರ್ ಗಂಟಿನ ಬಗ್ಗೆ ಇಂಥ ಸಂಖ್ಯೆಯಿಂದ ತೀರ್ಪು ಕೇಳುವುದು ನನಗಂತೂ ಸರಿ ಕಾಣುವುದಿಲ್ಲ.

ಥೈರಾಯ್ಡ್‌ನಲ್ಲಿ ಇಮ್ಯೂನ್ ಗುರುತುಗಳ ಕಥೆಯನ್ನು ನಿಜಕ್ಕೂ ಜಟಿಲ ಮಾಡುವುದು ಹಶಿಮೊಟೊ ಥೈರಾಯ್ಡೈಟಿಸ್. 1912ರಲ್ಲಿ ಜಪಾನಿನ ಹಕಾರು ಹಶಿಮೊಟೊ ವಿವರಿಸಿದ ಕಾಯಿಲೆ ಇದು. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಥೈರಾಯ್ಡ್ ಮೇಲೆ ಬೀಳುತ್ತದೆ, ಗ್ರಂಥಿಯ ತುಂಬ ಲಿಂಫೋಸೈಟ್‌ಗಳು ತುಂಬಿಕೊಳ್ಳುತ್ತವೆ, ರಕ್ತದಲ್ಲಿ ಥೈರಾಯ್ಡ್‌ನದೇ ಎರಡು ಪ್ರೋಟೀನ್‌ಗಳ ವಿರುದ್ಧದ ಟಿಪಿಒ ಆಂಟಿಬಾಡಿ ಮತ್ತು ಥೈರೋಗ್ಲಾಬ್ಯುಲಿನ್ ಆಂಟಿಬಾಡಿ ಏರುತ್ತವೆ. ಬೇರೆ ಅಂಗಗಳಲ್ಲಿ ಗಡ್ಡೆಯ ಸುತ್ತ ಟಿ ಕೋಶಗಳ ಗುಂಪು ಕಂಡರೆ ಏನೋ ನಡೆಯುತ್ತಿದೆ ಅಂತ ಊಹಿಸಬಹುದು. ಥೈರಾಯ್ಡ್‌ನಲ್ಲಿ ಕ್ಯಾನ್ಸರ್ ಇಲ್ಲದೆಯೂ ಆ ಗುಂಪು ವರ್ಷಗಟ್ಟಲೆ ಠಿಕಾಣಿ ಹೂಡಿರುತ್ತದೆ. ಸಂತೆಯಲ್ಲಿ ಪಿಸುಮಾತು ಕೇಳಿಸಿಕೊಳ್ಳಲು ಹೋದ ಹಾಗೆ, ಕ್ಯಾನ್ಸರ್‌ನಿಂದ ಬಂದ ಸಣ್ಣ ಇಮ್ಯೂನ್ ಸದ್ದು ಯಾವುದು, ಹಶಿಮೊಟೊ ಗದ್ದಲ ಯಾವುದು ಅಂತ ಬೇರ್ಪಡಿಸುವುದೇ ಕಷ್ಟ. ಅಲ್ಟ್ರಾಸೌಂಡ್‌ನಲ್ಲೂ ಈ ಕಾಯಿಲೆ ಗಂಟಿಲ್ಲದ ಕಡೆ ಗಂಟಿನಂಥ ಆಕಾರ ತೋರಿಸುತ್ತದೆ, ಪಕ್ಕದ ಲಿಂಫ್ ಗ್ರಂಥಿಗಳನ್ನು ಊದಿಸುತ್ತದೆ. ಸೂಜಿ ಪರೀಕ್ಷೆಯಲ್ಲಿ ಜೀವಕೋಶಗಳ ರೂಪ ಕೆಡಿಸಿ ಫಲಿತಾಂಶವನ್ನು ಮೂರನೇ ವರ್ಗಕ್ಕೆ ತಳ್ಳುವುದೂ ಉಂಟು.

ಹಶಿಮೊಟೊ ಇದ್ದರೆ ಕ್ಯಾನ್ಸರ್ ಬರುತ್ತಾ? 1955ರಿಂದಲೇ ಈ ಜಗಳ ನಡೆದಿದೆ. ಆಪರೇಷನ್ ಆದವರ ಲೆಕ್ಕ ನೋಡಿದರೆ ಎರಡೂ ಜೊತೆಜೊತೆಗೆ ಕಾಣುತ್ತವೆ. ಸೂಜಿ ಪರೀಕ್ಷೆ ಆದವರ ಲೆಕ್ಕ ನೋಡಿದರೆ ಆ ನಂಟು ಸಡಿಲವಾಗುತ್ತದೆ, ಕೆಲವು ಕಡೆ ಕಾಣುವುದೇ ಇಲ್ಲ. ಇದರಲ್ಲಿ ಆಶ್ಚರ್ಯವೇನಿಲ್ಲ. ಹಶಿಮೊಟೊ ಇರುವವರಲ್ಲಿ ಆಪರೇಷನ್ ಟೇಬಲ್ ತನಕ ಹೋಗುವವರು ಬಹುಮಟ್ಟಿಗೆ ಮೊದಲೇ ಕ್ಯಾನ್ಸರ್ ಅನುಮಾನ ಇದ್ದವರು, ಅಲ್ವಾ? ಅಲ್ಲಿ ಕ್ಯಾನ್ಸರ್ ಜಾಸ್ತಿ ಸಿಗದೆ ಇನ್ನೇನಾಗುತ್ತದೆ. ಇನ್ನೊಂದು ಕಡೆ, ಎರಡೂ ಇರುವವರಲ್ಲಿ ಕ್ಯಾನ್ಸರ್ ಲಿಂಫ್ ಗ್ರಂಥಿಗೆ ಹರಡುವುದು ಕಡಿಮೆ, ಮರುಕಳಿಸುವುದೂ ಕಡಿಮೆ ಅಂತ ಅನೇಕ ಅಧ್ಯಯನಗಳು ಹೇಳಿವೆ. ಅದೇ ಲಿಂಫೋಸೈಟ್‌ಗಳು ಗಡ್ಡೆಯ ಮೇಲೂ ಕೈ ಮಾಡುತ್ತಿರಬಹುದು ಅನ್ನುವುದು ಒಂದು ವಿವರಣೆ. ಹಶಿಮೊಟೊ ಇರುವವರು ಪದೇ ಪದೇ ತಪಾಸಣೆಗೆ ಹೋಗುವುದರಿಂದ ಕ್ಯಾನ್ಸರ್ ಸಣ್ಣದಿರುವಾಗಲೇ ಸಿಗುತ್ತದೆ ಅನ್ನುವುದು ಇನ್ನೊಂದು. ನಿಮ್ಮ ಲ್ಯಾಬ್ ರಿಪೋರ್ಟ್‌ನಲ್ಲಿ ಟಿಪಿಒ ಆಂಟಿಬಾಡಿ ನೂರಾರು ಅಂತ ದಪ್ಪಕ್ಷರದಲ್ಲಿ ಬಂದಿದ್ದರೆ ಅದು ಹೇಳುವುದು ಆಟೋಇಮ್ಯೂನ್ ತೊಂದರೆಯ ಬಗ್ಗೆ. ಥೈರಾಯ್ಡ್ ಸರಿಯಾಗಿ ಕೆಲಸ ಮಾಡುತ್ತಿದೆಯಾ ಅಂತ ತೋರಿಸುವ ಟಿಎಸ್‌ಎಚ್ ಹಾರ್ಮೋನ್ ಮೇಲೆ ಕಣ್ಣಿಡಬೇಕು ಅನ್ನುವುದು ಅದರ ಅರ್ಥ. ಕ್ಯಾನ್ಸರ್ ಬಗ್ಗೆ ಆ ಸಂಖ್ಯೆಯಿಂದ ಏನೂ ತೀರ್ಮಾನಿಸಲು ಬರುವುದಿಲ್ಲ.

ಈಗ ಆ ಶೇ 95ರ ವಿಷಯಕ್ಕೆ ಬರೋಣ. 2014ರಲ್ಲಿ ಅಮೆರಿಕದ ಕ್ಯಾನ್ಸರ್ ಜೀನೋಮ್ ಅಟ್ಲಾಸ್ ಯೋಜನೆ 496 ಪ್ಯಾಪಿಲರಿ ಥೈರಾಯ್ಡ್ ಕ್ಯಾನ್ಸರ್‌ಗಳ ಜೀನ್ ವಿವರವನ್ನು ಎಲ್ಲರಿಗೂ ಸಿಗುವಂತೆ ಪ್ರಕಟಿಸಿತು. ದೊಡ್ಡ ಕೆಲಸ ಅದು, ಅದರಲ್ಲಿ ಎರಡು ಮಾತಿಲ್ಲ. ಅವತ್ತಿಂದ ಕಂಪ್ಯೂಟರ್ ಮುಂದೆ ಕೂತೇ ಬರೆಯಬಹುದಾದ ಪ್ರಬಂಧಗಳ ಹೊಳೆ ಹರಿಯಿತು. ವಿಧಾನ ಹೆಚ್ಚುಕಡಿಮೆ ಒಂದೇ. ದತ್ತಾಂಶ ಇಳಿಸಿಕೊಳ್ಳುವುದು, ಇಮ್ಯೂನ್‌ಗೆ ಸೇರಿದ ಜೀನ್‌ಗಳ ಪಟ್ಟಿ ಹಿಡಿಯುವುದು, ಕ್ಯಾನ್ಸರ್‌ನಲ್ಲಿ ಯಾವುದು ಏರಿದೆ ಯಾವುದು ಇಳಿದಿದೆ ನೋಡುವುದು, ಮಷೀನ್ ಲರ್ನಿಂಗ್‌ನಿಂದ ಸೋಸಿ ಐದಾರು ಜೀನ್ ಉಳಿಸಿಕೊಳ್ಳುವುದು, ಯಾವ ಇಮ್ಯೂನ್ ಕೋಶ ಎಷ್ಟಿದೆ ಅಂತ ಅಂದಾಜಿಸುವ ಸಾಫ್ಟ್‌ವೇರ್ ಓಡಿಸಿ ಬಣ್ಣಬಣ್ಣದ ಚಿತ್ರ ಹಾಕುವುದು. ಇಲ್ಲಿ ಒಂದೇ ಒಂದು ಪ್ರಶ್ನೆ ಕೇಳಿ: ಕ್ಯಾನ್ಸರನ್ನು ಯಾವುದರ ಜೊತೆ ಹೋಲಿಸಿದರು? ಬಹಳ ಸಲ ಉತ್ತರ, ಅದೇ ಗ್ರಂಥಿಯ ಆರೋಗ್ಯವಾಗಿರುವ ಪಕ್ಕದ ಭಾಗದ ಜೊತೆ.

ಆದರೆ ಯಾವ ರೋಗಿಯೂ ಇದು ಕ್ಯಾನ್ಸರೋ ಅಥವಾ ಚೆನ್ನಾಗಿರುವ ಗ್ರಂಥಿಯೋ ಅಂತ ಕೇಳಿಕೊಂಡು ಬರುವುದಿಲ್ಲ. ಚೆನ್ನಾಗಿರುವ ಜಾಗಕ್ಕೆ ಯಾರೂ ಸೂಜಿ ಹಾಕುವುದೂ ಇಲ್ಲ. ಬೇಕಿರುವುದು ಕ್ಯಾನ್ಸರ್ ಗಂಟನ್ನು ನಿರಪಾಯಕಾರಿ ಗಂಟಿನಿಂದ, ಅಡಿನೋಮಾದಿಂದ (ಅದೂ ಕ್ಯಾನ್ಸರ್ ಅಲ್ಲದ ಗಡ್ಡೆ), ಹಶಿಮೊಟೊದಿಂದ ಬಿಡಿಸಿ ಹೇಳುವುದು. ಅದಕ್ಕಿಂತ ಮುಖ್ಯ, ಆ ಸಂಗ್ರಹದಲ್ಲಿರುವುದು ಪ್ಯಾಪಿಲರಿ ಕ್ಯಾನ್ಸರ್. ಸುಮಾರು ಶೇ 60ರಷ್ಟರಲ್ಲಿ ಕೋಶದ ಬೆಳವಣಿಗೆ ನಿಯಂತ್ರಿಸುವ ಬಿರಾಫ್ (BRAF) ಜೀನ್‌ನ ಬದಲಾವಣೆ ಇದೆ. ಇವುಗಳಲ್ಲಿ ಬಹುಪಾಲನ್ನು ಅನುಭವ ಇರುವ ಪೆಥಾಲಜಿಸ್ಟ್ ಸೂಜಿ ಪರೀಕ್ಷೆಯಲ್ಲೇ ಹಿಡಿದುಬಿಡುತ್ತಾರೆ. ಅಂದರೆ ಸುಲಭದ ಪರೀಕ್ಷೆಯಲ್ಲಿ ಶೇ 95 ತೆಗೆದು, ಕಷ್ಟದ ಪರೀಕ್ಷೆಗೆ ಕೂರದೇ ಇದ್ದಂತಾಯಿತು. ಜೊತೆಗೆ ಅಟ್ಲಾಸ್‌ನ ಎಷ್ಟೋ ಮಾದರಿಗಳಲ್ಲಿ ಹಿನ್ನೆಲೆಯಲ್ಲಿ ಥೈರಾಯ್ಡೈಟಿಸ್ ಇದೆ. ಅದನ್ನು ಲೆಕ್ಕಕ್ಕೆ ತಗೊಳ್ಳದಿದ್ದರೆ ಕ್ಯಾನ್ಸರ್‌ನ ಇಮ್ಯೂನ್ ಗುರುತು ಅಂತ ಹೆಸರಿಟ್ಟಿದ್ದು ಹಶಿಮೊಟೊ ಗುರುತೇ ಆಗಿರಬಹುದು. ಯಾವ ದತ್ತಾಂಶದಲ್ಲಿ ಜೀನ್ ಆರಿಸಿದರೋ ಅದರಲ್ಲೇ ನಿಖರತೆ ಅಳೆದಿದ್ದರಂತೂ ಮಾತಾಡುವುದೇ ಬೇಡ.

ಸ್ವಲ್ಪ ಲೆಕ್ಕ ಹಾಕೋಣ, ಆಗ ನಿಖರತೆ ಅನ್ನುವ ಮಾತು ಎಷ್ಟು ಜಾರುತ್ತದೆ ಅಂತ ಗೊತ್ತಾಗುತ್ತದೆ. ಕ್ಯಾನ್ಸರ್ ಇರುವವರಲ್ಲಿ ಶೇ 90ರಷ್ಟನ್ನು ಹಿಡಿಯುವ, ಇಲ್ಲದವರಲ್ಲಿ ಶೇ 90ರಷ್ಟನ್ನು ಸರಿಯಾಗಿ ಬಿಟ್ಟುಬಿಡುವ ಪರೀಕ್ಷೆ ಇದೆ ಅಂದುಕೊಳ್ಳಿ. ಗಂಟು ಇರುವ 1000 ಜನರಲ್ಲಿ 50 ಜನರಿಗೆ ಕ್ಯಾನ್ಸರ್ ಇದ್ದರೆ ಪರೀಕ್ಷೆ ಅವರಲ್ಲಿ 45 ಜನರನ್ನು ಹಿಡಿಯುತ್ತದೆ, ಉಳಿದ 950ರಲ್ಲಿ 95 ಜನರನ್ನು ಸುಮ್ನೆ ಹೆದರಿಸುತ್ತದೆ. ಪಾಸಿಟಿವ್ ಬಂದ 140 ಜನರಲ್ಲಿ ನಿಜವಾದ ಕ್ಯಾನ್ಸರ್ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಅದೇ ಪರೀಕ್ಷೆಯನ್ನು ಬೆಥೆಸ್ಡಾ ಮೂರನೇ ವರ್ಗದ 1000 ಗಂಟುಗಳಿಗೆ ಹಚ್ಚಿ, 200 ಕ್ಯಾನ್ಸರ್ ಇವೆ ಅನ್ನೋಣ. ಈಗ ಪಾಸಿಟಿವ್ 260, ಅದರಲ್ಲಿ 180 ನಿಜ. ಇನ್ನೂ ಚೆಂದದ ವಿಷಯ ನೆಗೆಟಿವ್ ಕಡೆ ಇದೆ: 740 ಜನರಿಗೆ ನೆಗೆಟಿವ್ ಬರುತ್ತದೆ, ಅವರಲ್ಲಿ ತಪ್ಪಿಹೋದ ಕ್ಯಾನ್ಸರ್ 20 ಮಾತ್ರ. 720 ಜನ ಆಪರೇಷನ್ ತಪ್ಪಿಸಿಕೊಳ್ಳಬಹುದು. ಪರೀಕ್ಷೆ ಒಂದೇ, ಜನ ಬದಲಾದರು, ಬೆಲೆಯೂ ಬದಲಾಯಿತು.

ಇಂಥ ಪರೀಕ್ಷೆಯನ್ನು ಸರಿಯಾಗಿ ಒರೆಗೆ ಹಚ್ಚುವುದು ಎಷ್ಟು ಕಷ್ಟ ಅನ್ನುವುದಕ್ಕೆ ಅಫಿರ್ಮಾ ಒಳ್ಳೆಯ ಉದಾಹರಣೆ. ಅದು ಇಮ್ಯೂನ್ ಪರೀಕ್ಷೆ ಅಲ್ಲ, ಗಂಟಿನ ಜೀನ್‌ಗಳ ಚಟುವಟಿಕೆ ನೋಡುವ ಪರೀಕ್ಷೆ. 2012ರಲ್ಲಿ ಪ್ರಕಟವಾದ ಅದರ ಅಧ್ಯಯನಕ್ಕೆ 49 ಕೇಂದ್ರಗಳಲ್ಲಿ 3789 ರೋಗಿಗಳಿಂದ 4812 ಸೂಜಿ ಮಾದರಿ ತೆಗೆದರು. ಅದರಲ್ಲಿ ಅನಿಶ್ಚಿತ ಅಂತ ಬಂದವು 577. ಆಪರೇಷನ್ ಆಗಿ ಅಂತಿಮ ಉತ್ತರ ಸಿಕ್ಕು ಲೆಕ್ಕಕ್ಕೆ ಉಳಿದವು ಬರೀ 265. ಅದರಲ್ಲಿದ್ದ 85 ಕ್ಯಾನ್ಸರ್‌ಗಳಲ್ಲಿ 78 ಸಿಕ್ಕವು. ನಿರಪಾಯಕಾರಿ ಗಂಟುಗಳಲ್ಲಿ ಮಾತ್ರ ಅರ್ಧದಷ್ಟನ್ನು, ಶೇ 52, ಸರಿಯಾಗಿ ಗುರುತಿಸಿತು. ಇಷ್ಟು ಕಷ್ಟಪಟ್ಟು ಶೇ 52! ನಂತರದ ಆವೃತ್ತಿ 2018ರಲ್ಲಿ ಅದನ್ನು ಶೇ 68ಕ್ಕೆ ಏರಿಸಿತು. ಇವುಗಳ ಪಕ್ಕದಲ್ಲಿ ಕಂಪ್ಯೂಟರ್‌ನಲ್ಲೇ ಹುಟ್ಟಿ ಕಂಪ್ಯೂಟರ್‌ನಲ್ಲೇ ಪಾಸಾದ ಶೇ 95ನ್ನು ಇಟ್ಟು ನೋಡಿದರೆ ನನಗೆ ಶೇ 52ರ ಮೇಲೇ ನಂಬಿಕೆ ಜಾಸ್ತಿ.

ನಡುವೆ ಒಂದು ಗೊಂದಲ ತಿಳಿಗೊಳಿಸಬೇಕು. ಪೆಥಾಲಜಿ ವರದಿಯಲ್ಲಿ ಇಮ್ಯುನೋಹಿಸ್ಟೋಕೆಮಿಸ್ಟ್ರಿ ಅಂತ ಬರೆದು ಗ್ಯಾಲೆಕ್ಟಿನ್-3, ಎಚ್‌ಬಿಎಂಇ-1, ಸಿಕೆ19 ಅಂತ ಹಾಕಿರುತ್ತಾರೆ. ಅಲ್ಲಿ ಆಂಟಿಬಾಡಿ ಬರೀ ಬಣ್ಣ ಹಚ್ಚುವ ಸಾಧನ. ಪ್ರಯೋಗಾಲಯದ ಆಂಟಿಬಾಡಿಯಿಂದ ಗಡ್ಡೆಯ ಕೋಶದ ಪ್ರೋಟೀನ್ ಹುಡುಕುತ್ತಾರೆ, ಅಷ್ಟೇ. ರೋಗಿಯ ರೋಗನಿರೋಧಕ ಶಕ್ತಿಗೂ ಅದಕ್ಕೂ ಸಂಬಂಧ ಇಲ್ಲ.

ಹಾಗಂತ ಇಮ್ಯೂನ್ ಗುರುತುಗಳೆಲ್ಲ ದಂಡ ಅಂತ ನಾನು ಹೇಳುತ್ತಿಲ್ಲ. ಒಂದು ಗುರುತು ಈಗಾಗಲೇ ದಿನನಿತ್ಯದ ಬಳಕೆಯಲ್ಲಿದೆ, ಸುದ್ದಿಯಲ್ಲಿ ಮಾತ್ರ ಕಾಣುವುದಿಲ್ಲ. ಕ್ಯಾನ್ಸರ್‌ಗಾಗಿ ಇಡೀ ಥೈರಾಯ್ಡ್ ತೆಗೆದ ಮೇಲೆ ರಕ್ತದಲ್ಲಿ ಥೈರೋಗ್ಲಾಬ್ಯುಲಿನ್ ನೋಡುತ್ತಾರೆ. ಆ ಪ್ರೋಟೀನ್ ಮಾಡುವುದು ಥೈರಾಯ್ಡ್ ಕೋಶ ಮಾತ್ರ, ಆದ್ದರಿಂದ ಅದು ಮತ್ತೆ ಏರಿದರೆ ಎಲ್ಲೋ ಕ್ಯಾನ್ಸರ್ ಉಳಿದಿದೆ ಅಂತ ಅನುಮಾನ. ಆದರೆ ಈ ರೋಗಿಗಳಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಥೈರೋಗ್ಲಾಬ್ಯುಲಿನ್ ವಿರುದ್ಧವೇ ಆಂಟಿಬಾಡಿ ಇರುತ್ತದೆ. ಅದು ಪರೀಕ್ಷೆಯ ನಡುವೆ ಅಡ್ಡ ಬಂದು, ಇರುವ ಥೈರೋಗ್ಲಾಬ್ಯುಲಿನ್ ಇಲ್ಲವೆಂಬಂತೆ ತೋರಿಸುತ್ತದೆ. ವರದಿ ನೋಡಿ ಎಲ್ಲ ಚೆನ್ನಾಗಿದೆ ಅಂದುಕೊಂಡರೆ ಮೋಸ ಹೋದಂತೆ. ಅದಕ್ಕೇ ಎರಡನ್ನೂ ಪ್ರತಿ ಸಲ ಒಟ್ಟಿಗೆ ಅಳೆಯಬೇಕು ಅಂತ ಮಾರ್ಗಸೂಚಿಗಳು ಹೇಳುತ್ತವೆ. ಆಂಟಿಬಾಡಿ ಇರುವವರಲ್ಲಿ ಆ ಆಂಟಿಬಾಡಿಯ ಏರಿಳಿತವೇ ಗುರುತಾಗುತ್ತದೆ. ವರ್ಷ ಕಳೆದಂತೆ ಇಳಿಯುತ್ತಾ ಹೋದರೆ ಒಳ್ಳೆಯದು. ಇಳಿಯದೆ ಮೇಲೇರಿದರೆ, ಅಥವಾ ಮೊದಲಿಲ್ಲದೆ ಹೊಸದಾಗಿ ಕಾಣಿಸಿದರೆ, ಹುಡುಕಲು ಶುರು ಮಾಡಬೇಕು. ಪ್ರತಿ ಸಲ ಒಂದೇ ಲ್ಯಾಬ್, ಒಂದೇ ವಿಧಾನ ಇದ್ದರೆ ಒಳ್ಳೆಯದು, ಯಾಕೆಂದರೆ ಒಂದು ಕಂಪನಿಯ ಕಿಟ್‌ನ ಸಂಖ್ಯೆ ಇನ್ನೊಂದರ ಜೊತೆ ಹೊಂದುವುದಿಲ್ಲ.

ಪಿಡಿ-ಎಲ್1 ಕೂಡ ಒಂದು ಕಡೆ ಕೆಲಸಕ್ಕೆ ಬಂದಿದೆ, ಆದರೆ ಪತ್ತೆ ಮಾಡುವುದಕ್ಕಲ್ಲ. ಅನಪ್ಲಾಸ್ಟಿಕ್ ಥೈರಾಯ್ಡ್ ಕ್ಯಾನ್ಸರ್ ಅಪರೂಪ, ಆದರೆ ಬಲು ಕ್ರೂರ. 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಂಥ 42 ರೋಗಿಗಳಿಗೆ ಪಿಡಿ-1 ತಡೆಯುವ ಸ್ಪಾರ್ಟಲಿಜುಮ್ಯಾಬ್ ಕೊಟ್ಟರು. ಒಟ್ಟಾರೆ ಶೇ 19ರಷ್ಟು ಜನರಲ್ಲಿ ಗಡ್ಡೆ ಕುಗ್ಗಿತು. ಪಿಡಿ-ಎಲ್1 ಇದ್ದವರಲ್ಲಿ ಅದು ಶೇ 29, ಇಲ್ಲದವರಲ್ಲಿ ಸೊನ್ನೆ. ಗುರುತು ಅಂದರೆ ಹೀಗಿರಬೇಕು, ಯಾರಿಗೆ ಔಷಧಿ ಕೊಡಬೇಕು ಅಂತ ಕೈ ತೋರಿಸಬೇಕು. ಆದರೆ ಮಾಮೂಲಿ ಪ್ಯಾಪಿಲರಿ ಮತ್ತು ಫಾಲಿಕ್ಯುಲರ್ ಕ್ಯಾನ್ಸರ್ ಮುಂದುವರಿದ 22 ಜನರಿಗೆ, ಪಿಡಿ-ಎಲ್1 ಇರುವವರನ್ನೇ ಆರಿಸಿ, ಅದೇ ಬಗೆಯ ಪೆಂಬ್ರೊಲಿಜುಮ್ಯಾಬ್ ಕೊಟ್ಟಾಗ ಗಡ್ಡೆ ಸಾಕಷ್ಟು ಕುಗ್ಗಿದ್ದು ಇಬ್ಬರಲ್ಲಿ. ಪ್ಯಾಪಿಲರಿ ಕ್ಯಾನ್ಸರ್‌ನಲ್ಲಿ ಜೀನ್ ಬದಲಾವಣೆಗಳು ತೀರಾ ಕಡಿಮೆ, ಹಾಗಾಗಿ ಕಾವಲು ಪಡೆಗೆ ಇದು ಪರಕೀಯ ಅಂತ ಅನ್ನಿಸುವಂಥದ್ದು ಹೆಚ್ಚೇನೂ ಸಿಗುವುದಿಲ್ಲ. ತಮಾಷೆ ಅಂದರೆ, ಬೇರೆ ಕ್ಯಾನ್ಸರ್‌ಗೆ ಇದೇ ಔಷಧಿ ತಗೊಂಡವರಲ್ಲಿ ಆಗಾಗ ಏಟು ತಿನ್ನುವುದು ಆರೋಗ್ಯವಾಗಿದ್ದ ಥೈರಾಯ್ಡ್.

ನನಗೆ ನಿಜವಾಗಿ ಆಸೆ ಇರುವುದು ಇನ್ನೊಂದು ಜಾಗದಲ್ಲಿ. ಜಪಾನಿನ ಕೋಬೆಯ ಕುಮಾ ಆಸ್ಪತ್ರೆಯಲ್ಲಿ 1993ರಿಂದ ಒಂದು ಸೆಂಟಿಮೀಟರ್ ಒಳಗಿನ, ಅಪಾಯದ ಲಕ್ಷಣ ಇಲ್ಲದ ಪ್ಯಾಪಿಲರಿ ಕ್ಯಾನ್ಸರ್‌ಗಳನ್ನು ಕತ್ತರಿಸದೆ ಅಲ್ಟ್ರಾಸೌಂಡ್‌ನಲ್ಲಿ ಕಾಯುತ್ತಾ ಬಂದಿದ್ದಾರೆ. 1235 ರೋಗಿಗಳ ಲೆಕ್ಕ 2014ರಲ್ಲಿ ಬಂತು. ಹತ್ತು ವರ್ಷಕ್ಕೆ ಗಡ್ಡೆ 3 ಮಿಲಿಮೀಟರ್ ಅಥವಾ ಹೆಚ್ಚು ಬೆಳೆದಿದ್ದು ಶೇ 8ರಷ್ಟು ಜನರಲ್ಲಿ, ಲಿಂಫ್ ಗ್ರಂಥಿಗೆ ಹೋಗಿದ್ದು ಶೇ 3.8ರಷ್ಟು ಜನರಲ್ಲಿ. ಉಳಿದವು ಸುಮ್ಮನಿದ್ದವು. ಈ ಶೇ 8 ಯಾರು ಅಂತ ಮೊದಲೇ ಹೇಳಬಲ್ಲ ಗುರುತು ಇವತ್ತು ಸರಿಯಾಗಿ ಇಲ್ಲ. ವಯಸ್ಸು ಕಡಿಮೆ ಇದ್ದಷ್ಟೂ ಬೆಳೆಯುವ ಸಾಧ್ಯತೆ ಹೆಚ್ಚು ಅನ್ನುವುದೊಂದು ಸುಳಿವು. ಗಡ್ಡೆಯನ್ನು ಹತ್ತಾರು ವರ್ಷ ಅಲ್ಲಲ್ಲೇ ಹಿಡಿದಿಡುವುದರಲ್ಲಿ ಟಿ ಕೋಶಗಳ ಪಾತ್ರ ಇದ್ದರೆ ಅವುಗಳ ಎಣಿಕೆಗೆ ಇಲ್ಲಿ ಅರ್ಥ ಬರುತ್ತದೆ, ಹಶಿಮೊಟೊ ಇದ್ದವರಲ್ಲಿ ಕ್ಯಾನ್ಸರ್ ಮೃದುವಾಗಿ ವರ್ತಿಸುವ ಆ ಹಳೆಯ ಸುಳಿವೂ ಇದರ ಜೊತೆ ಹೊಂದುತ್ತದೆ. ಇದಕ್ಕೆ ಬೇಕಾದ ಅಧ್ಯಯನ ಹೇಗಿರಬೇಕು ಅಂತ ಊಹಿಸುವುದೂ ಕಷ್ಟವಲ್ಲ: ಕಾಯುವುದಕ್ಕೆ ಒಪ್ಪಿದ ರೋಗಿಗಳ ಮೊದಲ ಸೂಜಿ ಮಾದರಿಯನ್ನೇ ತೆಗೆದಿಟ್ಟು, ಅದರ ಇಮ್ಯೂನ್ ವಿವರ ದಾಖಲಿಸಿ, ಯಾರಿಗೂ ಅದನ್ನು ತೋರಿಸದೆ, ಹಶಿಮೊಟೊ ಇದ್ದವರನ್ನೂ ಇಲ್ಲದವರನ್ನೂ ಬೇರೆಬೇರೆ ಎಣಿಸಿ, ವರ್ಷಗಟ್ಟಲೆ ಕಾದು, ಆಮೇಲೆ ಗಡ್ಡೆ ಬೆಳೆದವರ ಪಟ್ಟಿಯ ಜೊತೆ ತಾಳೆ ಹಾಕಬೇಕು.